ಕನ್ನಡಿಯ ಮೇಲೆ ಮೂರು ಗೆರೆ

"ಗಟ್ಟಿಯಾಗಿ ಹಿಡ್ಕೊಳ್ಳಿ ಕೋದಂಡಪ್ಪನವರೇ! ಬಿಟ್ಟೀರಾ ಮತ್ತೆ!"

ಬಿಡುವ ಮಾತೆಲ್ಲಿ ಬಂತು? ಪತ್ತೇದಾರ ಕೋದಂಡಪ್ಪನ ಕೈಗಳು ಭಯಕ್ಕೆ ಸೆಟೆದುಕೊಂಡು ಆಗಲೇ ಬಹಳ ಹೊತ್ತಾಗಿತ್ತು. ಬಿಡು ಎಂದಿದ್ದರೂ ಅವು ಬಿಡುತ್ತಿರಲಿಲ್ಲ.

ಅನಸೂಯಮ್ಮ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಹಿಡಿ ಒತ್ತಿದರು. ಅದರ ಸೊಂಡಿಲಿಗೆ ಕಟ್ಟಿದ್ದ ದಪ್ಪ ಬಟ್ಟೆಯ ಚೀಲ ಬುಸ್ಸೆಂದು ಉಬ್ಬಿ, ಕೋದಂಡಪ್ಪನ ತೋಳಿನಲ್ಲಿ ಬಲಿಗೆ ತಂದ ಹೋತದ ಹಾಗೆ ಒದ್ದಾಡಿತು. ಬಿಳಿ ಹೊಗೆ ಮುಖಕ್ಕೆ ರಾಚಿತು. ಕೋದಂಡಪ್ಪ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ. ಯಾವ ಮನೆದೇವರು ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಸದ್ದಡಗಿದ ಮೇಲೆ ಚೀಲದ ತಳದಲ್ಲಿ ಉಳಿದದ್ದು ಸಕ್ಕರೆಯಂಥ ಒಂದಷ್ಟು ಬಿಳಿ ಪುಡಿ.

"ಮುಟ್ಟಬೇಡಿ. ಇದು ನೀರಿನ ಮಂಜುಗಡ್ಡೆ ಅಲ್ಲ, ಗ್ಯಾಸೇ ಗಟ್ಟಿಯಾಗಿರೋದು. ಚರ್ಮ ಸುಟ್ಟುಬಿಡುತ್ತೆ."

"ತಣ್ಣಗಿರೋದೂ ಸುಡ್ತದಾ ತಾಯಿ?"

"ಚೆನ್ನಾಗೇ ಸುಡುತ್ತೆ."

"ಅಂಗಾದ್ರೆ ನಮ್ಮನೆಯವ್ಳು ಸಿಟ್ಟು ಬಂದಾಗ ಮಾತಾಡೋ ತರ ಅನ್ನಿ."

ಯಾರೂ ನಗಲಿಲ್ಲ. ನಗುವ ಜಾಗವೂ ಅದಲ್ಲ. ಪಾಲಾರ್ ರೀಫ್ ಗಣಿಯ ರೆಸ್ಕ್ಯೂ ಸ್ಟೇಷನ್ನಿನ ಆ ಕೋಣೆಯ ಗೋಡೆಗೆ ಒಂದು ಟೆಲಿಫೋನು ಇತ್ತು. ಪಾತಾಳದಿಂದ ಅದು ಆಗಾಗ ಕಿರುಚುತ್ತಿತ್ತು. ಕೆಳಗೆ ಮರದ ಆಸರೆಗಳಿಗೆ ಮತ್ತೆ ಬೆಂಕಿ ಹತ್ತಿ, ಹೊಗೆಯ ಆಚೆ ಪಂಪು ನೋಡಿಕೊಳ್ಳುವ ಇಬ್ಬರು ಸಿಕ್ಕಿಬಿದ್ದಿದ್ದರು. ಅವರು ಕೊಳವೆಗೆ ಸುತ್ತಿಗೆಯಿಂದ ತಟ್ಟುತ್ತಿದ್ದಾರೆ, ಸದ್ದು ಇನ್ನೂ ಕೇಳುತ್ತಿದೆ ಎಂದು ಕೆಳಗಿನವರು ಪ್ರತಿ ಸಲವೂ ಹೇಳುತ್ತಿದ್ದರು. 'ಇನ್ನೂ' ಎಂಬ ಆ ಎರಡಕ್ಷರ ಕೇಳಿದಾಗಲೆಲ್ಲ ಕೋದಂಡಪ್ಪ ಬಾಗಿಲ ಕಡೆ ನೋಡುತ್ತಿದ್ದ.

ಅವರನ್ನು ತರಲು ಬೆನ್ನಿಗೆ ಆಕ್ಸಿಜನ್ ಕಟ್ಟಿಕೊಂಡು ನಾಲ್ವರು ಇಳಿಯಬೇಕು. ಹಿಂದಿನ ವಾರ ಹೀಗೇ ಇಳಿದ ಮುನಿಸ್ವಾಮಪ್ಪ ಹೊಗೆಯ ನಡುವೆ ಉಸಿರು ನಿಂತು ಸತ್ತಿದ್ದ. ಸಿಲಿಂಡರು ಖಾಲಿಯಾಗಿರಲಿಲ್ಲ, ಆದರೂ ಗ್ಯಾಸು ಬಂದಿರಲಿಲ್ಲ.

ಇವತ್ತಿನ ನಾಲ್ವರಲ್ಲಿ ಒಬ್ಬ ಜಯರಾಮಪ್ಪ. ಕೋದಂಡಪ್ಪನ ಒಬ್ಬಳೇ ಮಗಳು ಮುನಿರತ್ನಮ್ಮನ ಗಂಡ.

ಇಲ್ಲದಿದ್ದರೆ ಮುನಿಸ್ವಾಮಪ್ಪನ ಸಾವಿನ ಪತ್ತೆಗೆಂದು ಕೋದಂಡಪ್ಪ ಈ ಕಡೆ ತಲೆ ಹಾಕುವ ಆಸಾಮಿಯೇ ಅಲ್ಲ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲ್ವೆ ಪೊಲೀಸಾಗಿದ್ದಾಗಲೂ ಆತ ಕಳ್ಳರನ್ನು ಓಡಿ ಹಿಡಿದವನಲ್ಲ. ಕಳ್ಳರು ಓಡಿದ ಮೇಲೆ ಎಲ್ಲಿ ಕೂತಿರಬಹುದು ಎಂದು ಯೋಚಿಸಿ, ಬೇರೆಯವರನ್ನು ಕಳಿಸಿ ಹಿಡಿಸಿದವನು. ಬಾವಿಗೆ ಬಗ್ಗಿ ನೋಡಲೂ ಹೆದರುವವನಿಗೆ ಒಂದು ಮೈಲಿಯಷ್ಟು ಆಳದ ಬಾವಿಯ ಪಕ್ಕದಲ್ಲಿ ಕೆಲಸ! ಪೆನ್ಷನ್ ಬಂದ ಮೇಲೆ ಟೆನ್ಷನ್ ಬೇಡವೆಂದುಕೊಂಡಿದ್ದ. ಎರಡೂ ಒಟ್ಟಿಗೇ ಬಂದಿದ್ದವು.

ಅನಸೂಯಮ್ಮ ಬಿಳಿ ಪುಡಿಯನ್ನು ಮರದ ಚಮಚದಿಂದ ತೆಗೆದು ಸ್ಪಿರಿಟ್ಟು ತುಂಬಿದ ಲೋಟಕ್ಕೆ ಹಾಕಿದರು. ಲೋಟ ಕುದಿಯುವ ಹಾಗೆ ನೊರೆಗರೆದು ಹೊಗೆಯಾಡಿತು. ಅವರು ಗಣಿಯ ಲ್ಯಾಬೋರೇಟರಿಯವರು. ಬೆಂಗಳೂರಿನಿಂದ ಎರವಲು ತರಿಸಿದ ಈ ಯಂತ್ರ ನಡೆಸಲು ಊರಿನಲ್ಲಿ ಬರುತ್ತಿದ್ದದ್ದು ಅವರೊಬ್ಬರಿಗೇ.

ಯಂತ್ರವೆಂದರೆ ದೊಡ್ಡ ರಾಕ್ಷಸನೇನಲ್ಲ. ಹಿತ್ತಾಳೆಯ ಒಂದು ಪುಟ್ಟ ಡಬ್ಬಿ. ಒಳಗೆ ನಾಲ್ಕಾಣೆ ನಾಣ್ಯದಷ್ಟು ದೊಡ್ಡ ಬೆಳ್ಳಿ ಮುಲಾಮಿನ ಕನ್ನಡಿ. ಕನ್ನಡಿಯ ಬೆನ್ನಿಗೆ ತಾಮ್ರದ ಕಾಲು, ಆ ಕಾಲು ಹೊಗೆಯಾಡುವ ಲೋಟದಲ್ಲಿ. ಪಕ್ಕದಲ್ಲಿ ಒಂದು ಸಣ್ಣ ಬಲ್ಬು, ಮೇಲೆ ಇಣುಕಿ ನೋಡಲು ಭೂತಗನ್ನಡಿ. ಸಿಲಿಂಡರಿನ ಗ್ಯಾಸು ತಾಮ್ರದ ಕೊಳವೆಯಲ್ಲಿ ಮೆಲ್ಲಗೆ ಬಂದು ಕನ್ನಡಿಯ ಮುಖ ಸವರಿ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ.

"ಚಳಿಗಾಲದಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೀಳಲ್ವಾ? ಅದೇ ಇದು," ಎಂದರು ಅನಸೂಯಮ್ಮ. "ಕನ್ನಡೀನ ತಣ್ಣಗೆ ಮಾಡ್ತಾ ಹೋಗೋದು. ಗ್ಯಾಸಿನಲ್ಲಿ ತೇವ ಜಾಸ್ತಿ ಇದ್ದರೆ ಬೇಗ ಇಬ್ಬನಿ ಬೀಳುತ್ತೆ. ಒಣಗಿದ್ದರೆ ಎಷ್ಟು ತಣ್ಣಗಾದರೂ ಬೀಳಲ್ಲ. ಸೊನ್ನೆಯಿಂದ ಕೆಳಗೆ ಐವತ್ತು ಡಿಗ್ರಿ ದಾಟಿದರೂ ಕನ್ನಡಿ ಹೊಳೀತಿದ್ದರೆ ಆ ಸಿಲಿಂಡರು ಕ್ಷೇಮ."

"ಬಿದ್ರೆ?"

"ಬಿದ್ದರೆ, ಅದನ್ನ ಕಟ್ಟಿಕೊಂಡೋನಿಗೆ ಉಸಿರು ನಿಲ್ಲಬಹುದು. ಸಿಲಿಂಡರಿನ ಒತ್ತಡದಿಂದ ಬಿಡುಗಡೆಯಾದ ಗ್ಯಾಸು ಕವಾಟದಲ್ಲಿ ಹಿಗ್ಗಿ ತಣ್ಣಗಾಗುತ್ತೆ. ತೇವ ಇದ್ದರೆ ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚಿಬಿಡುತ್ತೆ."

ಚಿನ್ನದ ಗಣಿಯ ಕುಲುಮೆಯಂಥ ಶಾಖದಲ್ಲಿ ಒಬ್ಬ ಮನುಷ್ಯ ಒಂದು ಕಾಳಿನಷ್ಟು ಮಂಜುಗಡ್ಡೆಯಿಂದ ಸಾಯುವುದು! ಯಮನಿಗೂ ತಮಾಷೆಯ ಸ್ವಭಾವವಿದೆ ಎಂದು ಕೋದಂಡಪ್ಪನಿಗೆ ಅನಿಸಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಯಮ ಅಲ್ಲೇ ಎಲ್ಲೋ ಇದ್ದಾನೆಂಬ ಅನುಮಾನ.

ಬಾಗಿಲು ದಢಾರನೆ ತೆರೆಯಿತು. ಕ್ಯಾಪ್ಟನ್ ಡಿಕ್ರೂಜ್. ಕೆಂಪು ಮುಖ, ಬಿಳಿ ಮೀಸೆ. ನಾಲ್ವರ ಮುಂದಾಳು ಆತನೇ.

"ಏನು ಮ್ಯಾನ್, ಕೆಳಗೆ ಎರಡು ಆಳು ಸಾಯ್ತಾ ಇದೆ, ಇಲ್ಲಿ ನೀವು ಕನ್ನಡಿ ನೋಡ್ತಾ ಇದೆ! ಮದುವೆಗೆ ಹೊರಟಿದೆಯಾ?"

"ಸ್ವಲ್ಪ ತಡೀರಿ ಸಾರ್," ಎಂದರು ಅನಸೂಯಮ್ಮ, ಕಣ್ಣು ಮಸೂರದಿಂದ ಎತ್ತದೆ. ಮೊದಲ ಸಿಲಿಂಡರಿನ ಕವಾಟ ತಿರುಗಿಸಿದರು. "ಇಪ್ಪತ್ತೈದು... ಇಪ್ಪತ್ತು... ಹದಿನೈದು..."

ಅವರು ಮಸೂರಕ್ಕೆ ಇನ್ನಷ್ಟು ಬಗ್ಗಿದರು.

"ಬಿತ್ತು."

"ಎಷ್ಟಕ್ಕೆ?" ಕೋದಂಡಪ್ಪ ಕೇಳಿದ.

"ಸೊನ್ನೆಗೇ ಇನ್ನೂ ಬಂದಿಲ್ಲ. ಆಗಲೇ ಬೆಳ್ಳಗಾಯಿತು."

ಎರಡನೆಯದನ್ನು ಜೋಡಿಸಿದರು. ಅದೂ ಹಾಗೇ. ಮೂರನೆಯದು ಜಯರಾಮಪ್ಪನದು. ಅದೂ ಹಾಗೇ. ಕೋದಂಡಪ್ಪ ಸ್ಟೂಲು ಎಳೆದುಕೊಂಡು ಕೂತುಬಿಟ್ಟ.

"ಎಲ್ಲದರಲ್ಲೂ ನೀರು!" ಡಿಕ್ರೂಜ್ ಗುಡುಗಿದ. "ಸೊಣ್ಣಪ್ಪಾ! ಯೂ ರಾಸ್ಕಲ್!"

ಮೂಲೆಯಲ್ಲಿ ನಿಂತಿದ್ದ ಸೊಣ್ಣಪ್ಪ ಗೋಡೆಗೆ ಇನ್ನಷ್ಟು ಅಂಟಿಕೊಂಡ. ಸಿಲಿಂಡರು ತುಂಬುವ ಪಂಪು ಅವನ ಸುಪರ್ದಿನಲ್ಲಿತ್ತು. ಆಕ್ಸಿಜನ್ನಿಗೂ ಎಣ್ಣೆಗೂ ಹುಟ್ಟುವೈರ, ಕೂಡಿದರೆ ಬೆಂಕಿ. ಹಾಗಾಗಿ ಆ ಪಂಪಿಗೆ ಎಣ್ಣೆಯ ಬದಲು ನೀರೇ ಗತಿ. ಆ ನೀರಿನ ತೇವ ಹೀರಲು ಪಕ್ಕದಲ್ಲೇ ಒಂದು ಉಪ್ಪಿನ ಡಬ್ಬಿ. ಉಪ್ಪು ನೆನೆದ ಮೇಲೆ ಬದಲಾಯಿಸಬೇಕಾದವನು ಸೊಣ್ಣಪ್ಪ.

"ಬದ್ಲಾಯ್ಸಿವ್ನಿ ದೊರೆ! ನಮ್ಮಪ್ಪನಾಣೆ! ಮೊನ್ನೆ ಆಯುಧ ಪೂಜೆಗೆ ಮುಂಚೇನೇ ಒಸ ಉಪ್ಪು ಆಕಿವ್ನಿ!"

"ಸುಳ್ಳು! ಆ ಮುನಿಸ್ವಾಮಪ್ಪನ್ನ ಕೊಂದಿದ್ದು ನೀನು! ನಿನ್ನ ಸೋಮಾರಿತನ!"

ಸೊಣ್ಣಪ್ಪ ಅಳತೊಡಗಿದ. ಅಲ್ಲಿಗೆ ಕೇಸು ಮುಗಿದ ಹಾಗೇ ಇತ್ತು. ಕೊಲೆಯಲ್ಲ, ಬರಿ ಅಲಕ್ಷ್ಯ. ಆದರೆ ಕೇಸು ಮುಗಿದ ಖುಷಿ ಕೋದಂಡಪ್ಪನಿಗೆ ಬರಲಿಲ್ಲ. ನಾಲ್ಕೂ ಸಿಲಿಂಡರು ಕೆಟ್ಟಿದ್ದರೆ ಅಳಿಯ ಇಳಿಯುವುದಿಲ್ಲ. ಅಳಿಯ ಇಳಿಯದಿದ್ದರೆ ಅಳಿಯುವುದಿಲ್ಲ. ಆದರೆ ಕೆಳಗಿನ ಆ ಇಬ್ಬರು?

"ತಾಯಿ, ನಾನೊಂದು ಸಲ ನೋಡ್ಲಾ?"

ಅನಸೂಯಮ್ಮ ಜಾಗ ಬಿಟ್ಟರು. ಕೋದಂಡಪ್ಪ ಮಸೂರಕ್ಕೆ ಕಣ್ಣಿಟ್ಟ.

ಮೊದಲು ಕಂಡದ್ದು ಅವನದೇ ಕಣ್ಣು. ಕನ್ನಡಿಯಲ್ಲಿ ಒಂಟಿಯಾಗಿ, ಬಾವಿಯ ತಳದಿಂದ ನೋಡುವ ಹಾಗೆ. ಅದರ ಮೇಲೆ, ಹಣೆಯಿರಬೇಕಾದ ಕಡೆ, ಅಡ್ಡಲಾಗಿ ಬೆಳ್ಳಗೆ ಏನೋ ಮೂಡಿತ್ತು.

ಒಂದು ಗೆರೆ. ಎರಡು. ಮೂರು.

ವಿಭೂತಿ.

ಮುನಿಸ್ವಾಮಪ್ಪ ದಿನಾ ಬೆಳಿಗ್ಗೆ ಹಚ್ಚಿಕೊಳ್ಳುತ್ತಿದ್ದ ಅದೇ ಮೂರು ಪಟ್ಟೆ. ಹೆಣ ಮೇಲೆ ಬಂದಾಗಲೂ ಬೆವರಿನಲ್ಲಿ ಅಳಿಸದೆ ಉಳಿದಿದ್ದವು.

ಕೋದಂಡಪ್ಪ ಕಿರುಚಿದ ಕಿರುಚಿಗೆ ಡಿಕ್ರೂಜ್ ಕೂಡ ಎರಡು ಹೆಜ್ಜೆ ಹಿಂದೆ ಹಾರಿದ.

"ಅವ್ನೇ! ಅವ್ನೇ ಬಂದವ್ನೆ ಕನ್ನಡಿ ಒಳಗೆ!"

"ಮಾವಾ!" ಎಂಬ ಕೂಗು ಬಾಗಿಲಿನಿಂದ ಬಂತು. ಜಯರಾಮಪ್ಪ ಒಳಗೆ ಓಡಿಬಂದು ಬೀಳುತ್ತಿದ್ದವನನ್ನು ಹಿಡಿದ. ಎತ್ತರದ ಆಳು, ಬೆನ್ನಿನ ಪಟ್ಟಿಗಳನ್ನು ಆಗಲೇ ಕಟ್ಟಿಕೊಂಡಿದ್ದ. "ಯಾರ್ ಬಂದವ್ರೆ? ಏನ್ ಮಾವಾ ನೀನು, ಅಗಲೊತ್ನಾಗೆ ದೆವ್ವ ನೋಡ್ತೀಯಾ?"

"ಮೂರು ಪಟ್ಟೆ ಕಣಪ್ಪಾ... ನೀನೇ ನೋಡು..."

ಅನಸೂಯಮ್ಮ ಅವಸರದಿಂದ ಮಸೂರಕ್ಕೆ ಬಗ್ಗಿದರು. ಬಹಳ ಹೊತ್ತು ನೋಡಿದರು. ತಲೆ ಎತ್ತಿದಾಗ ಅವರ ಮುಖವೂ ಬೆಳ್ಳಗಾಗಿತ್ತು.

"ನಿಜ. ಪಟ್ಟೆಯೇ. ಇಬ್ಬನಿ ಹೀಗೆ ಗೆರೆ ಎಳೆದ ಹಾಗೆ ಬೀಳಲ್ಲ. ಕನ್ನಡಿ ತುಂಬ ಸಮನಾಗಿ ಬೀಳುತ್ತೆ. ನಾನು ಗಾಬರಿಯಲ್ಲಿ ಬೆಳ್ಳಗಾದದ್ದನ್ನಷ್ಟೇ ನೋಡಿದೆ."

ಕೋದಂಡಪ್ಪ ನಡುಗುತ್ತಲೇ ಕೇಳಿದ. ಹೆದರಿದಾಗಲೇ ಅವನ ತಲೆ ಓಡುವುದು. ಕಾಲು ಓಡದಿದ್ದಾಗ ತಲೆಯಾದರೂ ಓಡಬೇಕಲ್ಲ. "ತಾಯಿ, ಇದು ಮೂರು ಸಿಲಿಂಡರಿಗೂ ಒಂದೇ ಡಿಗ್ರಿಗೆ ಬಿತ್ತಾ?"

"ಒಂದೇ."

"ಸೊನ್ನೆ ಬರೋಕೆ ಮುಂಚೇನೇ?"

"ಹೌದು."

"ನಮ್ಮನೆ ಕೊಬ್ರಿಎಣ್ಣೆ ಸೀಸೆ ಧನುರ್ಮಾಸದಾಗೆ ಇಂಗೇ ಆಗ್ತದೆ. ರಾತ್ರಿ ನೀರಿನಂಗಿರ್ತದೆ, ಬೆಳಿಗ್ಗೆ ಬೆಳ್ಳಗೆ ಗಟ್ಟಿ. ಬಿಸಿಲಿಗೆ ಇಟ್ಟು ಕರಗಿಸ್ಬೇಕು. ಇದು ನೀರಲ್ಲ. ಎಣ್ಣೆ."

ಎಲ್ಲರ ಕಣ್ಣೂ ಮೂಲೆಗೆ ತಿರುಗಿದವು.

ಸೊಣ್ಣಪ್ಪನ ಅಳು ತಟ್ಟನೆ ನಿಂತಿತ್ತು. ಅಳುವವನ ಅಳು ನಿಂತರೆ ಪತ್ತೇದಾರನಿಗೆ ಸುಗ್ಗಿ. ಆದರೆ ಸುಗ್ಗಿ ಮಾಡಲು ಹೋದ ಕೋದಂಡಪ್ಪನ ಹಲ್ಲುಗಳೇ ಒಂದಕ್ಕೊಂದು ತಾಳ ಹಾಕುತ್ತಿದ್ದವು.

"ಸೊಣ್ಣಪ್ಪಾ, ಈ ಪೆಟ್ಟಿಗೆ ಬಂದಿದ್ದು ಯಾವತ್ತು?"

"ಆ... ಆಯುಧ ಪೂಜೆ ದಿವ್ಸ ಸಾಮಿ. ಮಾರಿಕುಪ್ಪಂ ಟೇಸನ್ನಿಂದ ನಾನೇ ಒತ್ಕಂಡ್ ಬಂದೆ."

"ಪೂಜೆಗೆ ಇಟ್ಟೆಯಾ?"

ಸೊಣ್ಣಪ್ಪ ಪಂಚೆಯ ತುದಿ ತಿರುಚತೊಡಗಿದ.

"ಏನ್ ಮ್ಯಾನ್, ಬಾಯಿ ಇಲ್ಲ?" ಡಿಕ್ರೂಜ್ ಮುಂದೆ ಬಂದ.

"ಇಡ್ದೆ ಎಂಗೆ ದೊರೆ!" ಸೊಣ್ಣಪ್ಪ ಸ್ಫೋಟಿಸಿದ. "ಪಂಪಿಗಾಯ್ತು, ಸ್ಪಾನರಿಗಾಯ್ತು, ನಿಮ್ಮ ಮೋಟರ್ ಸೈಕಲ್ಲಿಗೂ ಆಯ್ತು. ಇದೊಂದು ಎಣ್ಣುಮಗು ತರ ಒಳಗೆ ಕೂತಿತ್ತು. ಮನೆಗೆ ಒಸ್ದಾಗಿ ಬಂದಿರೋದು, ಪೂಜೆ ಇಲ್ದೆ ಮಲಗ್ಸಿದ್ರೆ ಒಳ್ಳೇದಾಗ್ತದಾ? ಅದೂ ನಮ್ಮ ಮುನಿಸ್ವಾಮಣ್ಣ ಓದ್ಮೇಲೆ? ಡಬ್ಬಿ ತೆಗ್ದೆ. ಒಳಗೆ ಕನ್ನಡಿ! ಕನ್ನಡಿ ಅಂದ್ರೆ ಲಕ್ಷ್ಮಿ. ಇಭೂತಿ ಇಟ್ಟೆ. ಆಮೇಲೆ ಅಮ್ಮಾವ್ರು ಬೈತಾರೇನೋ ಅಂತ ಪಂಚೆ ತುದೀಲಿ ಒರ್ಸ್ಬುಟ್ಟೆ. ಕಾಣ್ದಂಗೇ ಒರ್ಸಿದ್ದೆ ಸಾಮಿ!"

"ಎಣ್ಣೆ?"

"ದೀಪಕ್ಕೆ ಎಣ್ಣೆ ಉಯ್ದ ಕೈ..." ಸೊಣ್ಣಪ್ಪ ತನ್ನ ಮೂರು ಬೆರಳುಗಳನ್ನು ತಾನೇ ನೋಡಿಕೊಂಡ. "ಪಂಪಿನ ಹತ್ರ ಮಾತ್ರ ಎಣ್ಣೆ ಕೈ ತಗಂಡು ಓಗಿಲ್ಲ. ನಮ್ಮಪ್ಪನಾಣೆ ಓಗಿಲ್ಲ. ಅಷ್ಟು ಬುದ್ಧಿ ಇಲ್ವಾ ನಂಗೆ?"

ವಿಭೂತಿ ಒರೆಸಿದರೆ ಹೋಗುತ್ತದೆ. ಭಕ್ತಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಜಿಡ್ಡಾಗಿ ಉಳಿದು, ತಣ್ಣಗಾದಾಗ ಎದ್ದು ನಿಲ್ಲುತ್ತದೆ.

ಅನಸೂಯಮ್ಮ ಕುರ್ಚಿ ಹಿಡಿದುಕೊಂಡರು. "ಎಣ್ಣೆಯ ಮೇಲೆ ಆಕ್ಸಿಜನ್ ಬಿಟ್ಟುಕೊಂಡು ಕೂತಿದ್ದೆ. ಒತ್ತಡ ಸ್ವಲ್ಪ ಹೆಚ್ಚಿದ್ದಿದ್ದರೆ ಈ ಕೋಣೇಲಿ ಯಾರೂ ಉಳೀತಿರಲಿಲ್ಲ. ತಪ್ಪು ನನ್ನದೂ ಇದೆ. ಹೊಳೀತಿದೆಯಲ್ಲ ಅಂತ ಒರೆಸದೇ ಶುರು ಮಾಡಿದೆ."

ಕೋದಂಡಪ್ಪ ಮತ್ತೆ ಕೂತುಕೊಂಡ.

"ಸಾಮಿ," ಸೊಣ್ಣಪ್ಪ ಅವನ ಕಾಲ ಬಳಿ ಕುಕ್ಕರಿಸಿದ. ದನಿ ತಗ್ಗಿತು. "ನನ್ನ ಮೇಲೆ ಆಕ್ಬೇಡಿ. ಒಂದು ಮಾತು ಏಳ್ಲಾ? ಅವತ್ತು ಮುನಿಸ್ವಾಮಣ್ಣ ಬೆನ್ನಿಗೆ ಕಟ್ಕಂಡಿದ್ದು ಅವನ ಸಿಲಿಂಡರ್ ಸೆಟ್ಟಲ್ಲ. ಡಿಕ್ರೂಜ್ ಸಾಹೇಬ್ರದು. ಸಾಹೇಬ್ರಿಗೆ ಜ್ವರ ಬಂದು ಮನೇಲಿದ್ರು, ಅವರ ಸೆಟ್ಟು ಇವನಿಗೆ ಕೊಟ್ರು."

ಕೋದಂಡಪ್ಪ ತಲೆ ಎತ್ತಿ ಡಿಕ್ರೂಜ್‌ನನ್ನು ನೋಡಿದ. ಆತನ ಕೆಂಪು ಮುಖ ಮೊದಲ ಬಾರಿಗೆ ಬಣ್ಣ ಕಳೆದುಕೊಂಡಿತು.

"ಅದು ನಿಜ," ಎಂದ ಡಿಕ್ರೂಜ್ ಮೆಲ್ಲಗೆ. "ಬಟ್, ಯಾರು ನನ್ನನ್ನ..."

ಟೆಲಿಫೋನು ಕಿರುಚಿತು. ಆತನೇ ಎತ್ತಿಕೊಂಡ. ಕೇಳಿದ. ಇಟ್ಟ.

"ಈಗ ಒಬ್ಬನೇ ತಟ್ತಾ ಇದೆ."

ಅನಸೂಯಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕನ್ನಡಿ ಒರೆಸಿದರು. ಇನ್ನೊಂದು ಹತ್ತಿ. ಮತ್ತೊಂದು. ಸ್ಪಿರಿಟ್ಟು ಆರಲು ಬಿಟ್ಟರು. ಡಬ್ಬಿ ಮುಚ್ಚಿ, ಕೊಳವೆಯೊಳಗಿನ ಕೋಣೆಯ ಗಾಳಿಯೆಲ್ಲ ಹೊರಹೋಗುವವರೆಗೆ ಮೊದಲನೆಯ ಸಿಲಿಂಡರಿನ ಗ್ಯಾಸನ್ನು ಸುಮ್ಮನೆ ಹರಿಸಿದರು. ಡಿಕ್ರೂಜ್ ಗಡಿಯಾರ ನೋಡಿದ. ಅವಸರ ಮಾಡಲಿಲ್ಲ.

ಕನ್ನಡಿ ತಣ್ಣಗಾಗತೊಡಗಿತು.

"ಸೊನ್ನೆ. ಏನೂ ಇಲ್ಲ. ಮೈನಸ್ ಇಪ್ಪತ್ತು. ಹೊಳೀತಿದೆ. ಮೂವತ್ತು... ನಲವತ್ತು..."

ಕೋದಂಡಪ್ಪ ತಾನೂ ಉಸಿರು ಕಟ್ಟಿದ್ದ. ಕನ್ನಡಿಗೂ ಅವನಿಗೂ ಪಂದ್ಯ.

"ಐವತ್ತು ದಾಟಿತು. ಒಣಗಿದೆ!"

ಹೊರಗೆ ಕಾದಿದ್ದ ಮೊದಲನೆಯವನು ಬಂದು ತನ್ನ ಸೆಟ್ಟು ಎತ್ತಿಕೊಂಡು, ಗಣಿಗೆ ಇಳಿಯುವ ಬಾವಿಯಾದ ಶಾಫ್ಟಿನ ಕಡೆ ಹೊರಟ. ಎರಡನೆಯದೂ ಒಣಗಿತ್ತು. ಅವನೂ ಹೋದ. ಮೂರನೆಯದಕ್ಕೆ ಕೋದಂಡಪ್ಪ ಕಣ್ಣೇ ತೆರೆಯಲಿಲ್ಲ.

"ಐವತ್ತೈದು," ಎಂಬ ಮಾತು ಕಿವಿಗೆ ಬಿದ್ದಾಗ ತೆರೆದ. ಜಯರಾಮಪ್ಪ ನಗುತ್ತ ನಿಂತಿದ್ದ.

"ಬದ್ಕೊಂಡೆ ಮಾವಾ. ಈಗ್ಲಾದ್ರೂ ನೀರು ಕುಡಿ, ನಿನ್ ಮಖ ನೋಡಕ್ಕಾಗ್ತಿಲ್ಲ."

ಕೋದಂಡಪ್ಪ ಅಳಿಯನ ಕೈ ಹಿಡಿದು ಅಮುಕಿದ. ಹೆಣ್ಣು ಕೊಟ್ಟ ಮಾವನಿಗೆ ಕಣ್ಣು ಕೊಟ್ಟ ದೇವರು ಕಣ್ಣೀರನ್ನೂ ಧಾರಾಳವಾಗಿ ಕೊಟ್ಟಿದ್ದ.

ಉಳಿದದ್ದು ನಾಲ್ಕನೆಯದು. ಡಿಕ್ರೂಜ್‌ನದು.

ಪಂಪು ಸರಿಯಿದೆ, ಉಪ್ಪು ಸರಿಯಿದೆ ಎಂದು ಮೂರು ಸಿಲಿಂಡರುಗಳು ಸಾಕ್ಷಿ ಹೇಳಿದ್ದವು. ಹಾಗಿದ್ದ ಮೇಲೆ ಇದೊಂದರಲ್ಲಿ ಮಾತ್ರ ತೇವ ಕಂಡರೆ? ಯಾರೋ ತುಂಬುವ ಮೊದಲೇ ಇದರೊಳಕ್ಕೆ ನೀರು ಬಿಟ್ಟಿದ್ದಾರೆ. ಅಲಕ್ಷ್ಯವಲ್ಲ, ಲಕ್ಷ್ಯವಿಟ್ಟೇ ಮಾಡಿದ ಕೆಲಸ.

ಅನಸೂಯಮ್ಮ ಅದನ್ನು ಜೋಡಿಸಿ ಗ್ಯಾಸು ಹರಿಸುತ್ತಿದ್ದಾಗಲೇ ಡಿಕ್ರೂಜ್ ತಾಳ್ಮೆಗೆಟ್ಟ. "ಸಾಕು! ಒಬ್ಬನೇ ತಟ್ತಾ ಇದೆ, ಕೇಳಿಲ್ಲ? ಜಯರಾಮ್, ನನಗೆ ಬೇರೆ ಸಿಲಿಂಡರ್ ಹಾಕು. ಮ್ಯಾಡಮ್, ನೀವು ಬನ್ನಿ, ಕೆಳಗಿನ ಗಾಳಿ ಟೆಸ್ಟ್ ಮಾಡೋ ಬಾಟಲಿ ಕೊಡಿ."

"ಕೋದಂಡಪ್ಪನವರೇ, ಕಣ್ಣು ತೆಗೀಬೇಡಿ," ಎಂದು ಹೇಳಿ ಅನಸೂಯಮ್ಮ ಅವನ ಹಿಂದೆ ಓಡಿದರು. ಸೊಣ್ಣಪ್ಪನೂ ಬಾಟಲಿಗಳ ಬುಟ್ಟಿ ಹೊತ್ತು ಹೋದ.

ಕೋಣೆಯಲ್ಲಿ ಕೋದಂಡಪ್ಪನೊಬ್ಬನೇ. ಲೋಟದ ಹೊಗೆ ಮೇಜಿನ ಅಂಚಿನಿಂದ ಇಳಿದು ಅವನ ಪಾದಗಳ ಸುತ್ತ ಹರಿಯುತ್ತಿತ್ತು.

ಸೊನ್ನೆ. ಕನ್ನಡಿ ಥಳಥಳ. ಮೈನಸ್ ಹತ್ತು. ಇಪ್ಪತ್ತು. ಅವನ ಕಣ್ಣು ಅವನನ್ನೇ ನೋಡುತ್ತಿತ್ತು.

ಮೂವತ್ತರ ಹತ್ತಿರ ಕಣ್ಣಿನ ಮೇಲೆ ಒಂದು ಚುಕ್ಕೆ ಬಿತ್ತು. ಪಕ್ಕದಲ್ಲಿ ಇನ್ನೊಂದು. ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ಹುಟ್ಟುವ ಹಾಗೆ ನೂರು, ಸಾವಿರ. ಗೆರೆಯಿಲ್ಲ, ಪಟ್ಟೆಯಿಲ್ಲ. ಅಂಚಿನಿಂದ ಅಂಚಿಗೆ ಸಮನಾಗಿ, ಸದ್ದಿಲ್ಲದೆ, ಕನ್ನಡಿಯಲ್ಲಿದ್ದ ಅವನ ಕಣ್ಣು ಕುರುಡಾಯಿತು.

ಇದು ಎಣ್ಣೆಯಲ್ಲ. ಇದು ನೀರು.

"ಬಿತ್ತಾ ಮಾವಾ?"

ಕೋದಂಡಪ್ಪ ತಿರುಗಿದ. ಜಯರಾಮಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ನಗುವಿರಲಿಲ್ಲ.

"ಬಿತ್ತು ಜಯರಾಮ. ಯಾರೋ ಸಾಹೇಬ್ರನ್ನ... ಬಾ, ಓಗಿ ಏಳಾನ..."

ಜಯರಾಮಪ್ಪ ಬಂದು ಕವಾಟ ಮುಚ್ಚಿದ. ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದು, ಹೆಬ್ಬೆರಳಿನಿಂದ ಆ ಕನ್ನಡಿಯನ್ನು ಒಮ್ಮೆ ಒರೆಸಿದ. ನಕ್ಷತ್ರಗಳೆಲ್ಲ ಕರಗಿ ಒಂದು ಹನಿಯಾದವು.

"ಈಗ ಏನೂ ಬಿದ್ದಿಲ್ಲ," ಎಂದ.

"ಏನ್ ಮಾಡ್ದೆ ನೀನು?"

"ಕೆಳಗಿರೋನ ತಾವ ನಾನು ಓಗ್ಬೇಕು ಮಾವಾ. ಆ ದಾರಿ ಗೊತ್ತಿರೋನು ನಾನೊಬ್ನೇ. ಈಗ ನೀನು ಬಾಯಿ ಬಿಟ್ರೆ ಪೊಲೀಸು, ಪಂಚನಾಮೆ, ಎಲ್ಲಾ ಇಲ್ಲೇ ನಿಲ್ತದೆ. ಅವ್ನು ಸಾಯ್ತಾನೆ. ನಾನು ಮೇಲೆ ಬಂದ್ಮೇಲೆ ಏಳ್ತೀನಿ. ಎಲ್ಲಾ ಏಳ್ತೀನಿ."

"ಮುನಿಸ್ವಾಮಪ್ಪ ನಿನ್ನ ಜೊತೆಗಾರ ಕಣೋ..."

ಜಯರಾಮಪ್ಪ ಒದ್ದೆಯಾದ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ. "ಅವ್ನಿಗಂತ ಇಟ್ಟಿದ್ದಲ್ಲ ಮಾವಾ." ಹೊರಗೆ ಡಿಕ್ರೂಜ್ ಕೂಗಿದ. ಅವನು ಹೊರಟುಬಿಟ್ಟ.

"ಜಯರಾಮ! ಸಾಹೇಬ್ರಿಗೆ ಈಗ ಆಕಿರೋ ಸಿಲಿಂಡರ್ ಯಾರು ತುಂಬಿದ್ದು?"

"ನಾನೇ," ಎಂದು ಹೆಜ್ಜೆ ನಿಲ್ಲಿಸದೆ ಹೇಳಿದ.

ಭಯದಲ್ಲಿ ಎರಡು ಜಾತಿ. ಒಂದು ಮನುಷ್ಯನನ್ನು ಕೂರಿಸುತ್ತದೆ, ಇನ್ನೊಂದು ಓಡಿಸುತ್ತದೆ. ಜನ್ಮವೆಲ್ಲ ಮೊದಲನೆಯ ಜಾತಿಯವನಾಗಿದ್ದ ಕೋದಂಡಪ್ಪ ಈಗ ಜಾತಿ ಕೆಟ್ಟು ಓಡಿದ. ಪಂಚೆ ಎತ್ತಿ ಕಟ್ಟಿ, ಶಾಫ್ಟಿನ ಬಾಯಿಗೆ.

ಆಳುಗಳನ್ನು ಇಳಿಸುವ ಕೇಜಿನೊಳಗೆ ನಾಲ್ವರೂ ನಿಂತಿದ್ದರು. ಸರಳು ಬಾಗಿಲು ಮುಚ್ಚಲಿತ್ತು. ಅವರ ಕಾಲಡಿಯ ಹಲಗೆಯ ಸಂದಿನಲ್ಲಿ ಕತ್ತಲೆ ಕಾಣುತ್ತಿತ್ತು. ಬಿಸಿಗಾಳಿ ಅಲ್ಲಿಂದ ಮೇಲೆ ಬರುತ್ತಿತ್ತು, ಸುಟ್ಟ ಮರದ ವಾಸನೆ ಹೊತ್ತು.

ಕೂಗಿದರೆ ಕೇಜು ನಿಲ್ಲುತ್ತದೆ. ಕೆಳಗಿನವನು ಸಾಯುತ್ತಾನೆ. ಮಗಳ ಗಂಡ ನೇಣಿಗೆ ಹೋಗುತ್ತಾನೆ. ಕೂಗದಿದ್ದರೆ ಸಾಹೇಬ ಸಾಯಬಹುದು.

ಕೋದಂಡಪ್ಪ ಕೂಗಲಿಲ್ಲ. ಅವನ ಬಾಯಿಂದ ಬಂದ ಮಾತು ಅವನಿಗೇ ಹೊಸದಾಗಿತ್ತು.

"ಸಾಹೇಬ್ರೇ, ನಿಮ್ಮ ಸೆಟ್ಟು ಕನ್ನಡಿ ಪರೀಕ್ಷೆ ಆಗಿಲ್ಲ. ನಮ್ಮ ಅಳಿಯಂದು ಆಗೈತೆ, ಪಾಸಾಗೈತೆ. ಮುಂದೆ ನಡೆಯೋರು ನೀವು. ಅವನ ಸೆಟ್ಟು ನೀವು ಕಟ್ಕಳಿ. ನಿಮ್ದು ಅವ್ನಿಗೆ ಕೊಡಿ."

ಡಿಕ್ರೂಜ್ ಹುಬ್ಬೇರಿಸಿದ. "ಯು ಮೀನ್, ನಿನ್ನ ಅಳಿಯನಿಗೆ ಡೌಟ್ ಇರೋದು ಕೊಡೋದಾ?"

"ಊಂ."

ಕೋದಂಡಪ್ಪ ಅಳಿಯನ ಮುಖವನ್ನೇ ನೋಡುತ್ತಿದ್ದ. ಬೇಡ ಅನ್ನು. ಒಂದು ಸಲ ಬೇಡ ಅನ್ನು. ಬೇಡ ಎಂದರೆ ಆ ಸಿಲಿಂಡರಿನಲ್ಲೂ ನೀರಿದೆ ಎಂದರ್ಥ. ಆಗ ಇಲ್ಲೇ ನಿಲ್ಲಿಸುತ್ತೇನೆ, ನೀನು ಬದುಕುತ್ತೀಯ, ಆಮೇಲಿನದು ಆಮೇಲೆ.

ಜಯರಾಮಪ್ಪ ಮಾವನ ಮುಖ ನೋಡಿದ. ಆಮೇಲೆ ಎದೆಯ ಪಟ್ಟಿಗೆ ಕೈ ಹಾಕಿ ಬಿಚ್ಚತೊಡಗಿದ.

"ಕೊಡಿ ಸಾಹೇಬ್ರೇ. ನಮ್ಮಾವ ಏಳಿದ್ಮೇಲೆ ಮುಗೀತು."

ಸೆಟ್ಟುಗಳು ಕೈ ಬದಲಾದವು. ಜಯರಾಮಪ್ಪನ ಬೆನ್ನಿನ ಕೊಂಡಿ ಸಿಕ್ಕದೆ ಒದ್ದಾಡಿದಾಗ ಸರಳಿನ ಒಳಕ್ಕೆ ಕೈ ತೂರಿಸಿ ಅದನ್ನು ಬಿಗಿದವನು ಕೋದಂಡಪ್ಪನೇ. ಮುಖವಾಡ ಹಾಕಿಕೊಳ್ಳುವ ಮುಂಚೆ ಅಳಿಯ ಅವನ ಕಿವಿಯ ಹತ್ತಿರ ಬಾಗಿದ.

"ರತ್ನಂಗೆ ಏಳ್ಬೇಡ ಮಾವಾ, ನೀನು ಕಟ್ಟಿದ್ದು ಅಂತ."

ಶಾಫ್ಟಿನ ಬಾಯಲ್ಲಿದ್ದ ಆಳು ಗಂಟೆ ಬಾರಿಸಿದ. ಕೇಜು ಕಲ್ಲಿನ ಹಾಗೆ ಬಿತ್ತು.

ಆಗ ತಿಳಿಯಿತು ಕೋದಂಡಪ್ಪನಿಗೆ. ಬೇಡ ಎನ್ನದಿದ್ದರೆ ಆ ಸಿಲಿಂಡರಿನಲ್ಲಿ ನೀರಿಲ್ಲ ಎಂದು ತಾನು ಎಣಿಸಿದ್ದು ತಪ್ಪು. ಬೇಡ ಎನ್ನದೆ ಸಾಯಲು ಹೊರಟವನೂ ಹೀಗೆಯೇ ಪಟ್ಟಿ ಬಿಚ್ಚುತ್ತಾನೆ.

"ನಿಲ್ಸು! ಏಯ್, ನಿಲ್ಸಪ್ಪಾ!" ಎಂದು ಗಂಟೆ ಬಾರಿಸುವವನ ತೋಳು ಹಿಡಿದ.

"ಕೈ ಬಿಡಿ ಸಾಮಿ! ಆಳು ಇಳೀವಾಗ ಮೇಲಿಂದ ನಿಲ್ಸಂಗಿಲ್ಲ. ಕೇಜಿನಾಗಿರೋರು ಅಗ್ಗ ಎಳೆದು ಗಂಟೆ ಒಡೆದ್ರೇನೇ ನಿಲ್ಲೋದು."

ಉಕ್ಕಿನ ಹಗ್ಗ ನಡುಗುತ್ತ, ಹಾಡುತ್ತ, ಕತ್ತಲೊಳಕ್ಕೆ ಓಡುತ್ತಿತ್ತು. ಕೋದಂಡಪ್ಪ ಅದನ್ನೇ ನೋಡುತ್ತ ನಿಂತ. ಅನಸೂಯಮ್ಮ ಓಡಿಬಂದು ಏನೋ ಕೇಳಿದರು. ಅವನಿಗೆ ಕೇಳಿಸಲಿಲ್ಲ.

ಆಗ ಕೆಳಗಿನಿಂದ ಗಂಟೆ ಹೊಡೆಯಿತು. ಒಂದೇ ಒಂದು.

ಚಕ್ರ ಕಿರುಗುಟ್ಟಿ ನಿಂತಿತು. ಹಗ್ಗ ನಿಂತಿತು. ಗಂಟೆಯವನು ಆಳ ತೋರಿಸುವ ಮುಳ್ಳು ನೋಡಿದ. ಒಮ್ಮೆ ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಇದೇನ್ ಸಾಮಿ ಇದು! ಅಲ್ಲಿ ಯಾವ ಲೆವೆಲ್ಲೂ ಇಲ್ಲ. ಇಳಿಯಾಕೆ ಜಾಗಾನೇ ಇಲ್ಲ. ಬರೀ ಬಂಡೆ..."

ಅವನ ಮಾತು ಮುಗಿಯುವ ಮೊದಲೇ ನಿಂತಿದ್ದ ಹಗ್ಗ ತಾನಾಗಿಯೇ ಒಮ್ಮೆ ಜೋಲಿ ಹೊಡೆಯಿತು. ಎತ್ತರದ ಒಬ್ಬ ಆಳು ಕತ್ತಲಿಗೆ ಹಾರಿ ಭಾರ ಕಡಿಮೆಯಾದಾಗ ಹೊಡೆಯುವ ಹಾಗೆ.